ನಾಲ್ಕು ಕೊಳವೆ, ಒಂದು ಕೊರಳು

ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಛಂದಸ್ಸನ್ನು ಪಾಠ ಹೇಳುತ್ತಿರುವ ನನ್ನಂಥವನು ಒಂದು ಮೋಟಾರು ಕಾರಿನ ಹೊಟ್ಟೆಯ ಕೆಳಗೆ ಅಂಗಾತ ಮಲಗಿ, ಮೂಗಿನ ಮೇಲೆ ತುಕ್ಕಿನ ಪುಡಿಯನ್ನು ಉದುರಿಸಿಕೊಳ್ಳುತ್ತ ಒಂದು ಹಗಲನ್ನೆಲ್ಲ ಕಳೆದನೆಂದರೆ ನನ್ನ ವಿದ್ಯಾರ್ಥಿಗಳು ನಂಬಲಾರರು. ಸಹೋದ್ಯೋಗಿಗಳಂತೂ ನಗುವರು. ಸ್ಕೂಟರಿನ ಪ್ಲಗ್ಗನ್ನು ಬಿಚ್ಚಿ ಒರಸಲಾರದವನೆಂದು ಅವರಲ್ಲಿ ನನಗಿರುವ ಕೀರ್ತಿ ನ್ಯಾಯವಾದದ್ದೇ. ಆದರೂ ಆ ಒಂದು ದಿನದಲ್ಲಿ ಮಾತ್ರಾಗಣಗಳ ವಿಷಯವಾಗಿ ನಾನು ತಿಳಿದುಕೊಂಡದ್ದು ಕಡಮೆಯೇನಲ್ಲ; ಅದನ್ನು ಈ ಪುಟದ ವಾಚಕರೊಡನೆ ಹಂಚಿಕೊಳ್ಳಬೇಕೆನ್ನಿಸಿದೆ.

ಕಳೆದ ಬೇಸಗೆಯ ರಜದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಿಗೆ ಹೋಗಿದ್ದೆ. ಪಶ್ಚಿಮದ ಅಂಚಿನಲ್ಲಿರುವ ವಾಷಿಂಗ್ಟನ್ ಸಂಸ್ಥಾನದಲ್ಲಿ, ಸಿಯಾಟಲ್ ನಗರದ ಹೊರವಲಯದಲ್ಲಿ, ನನ್ನ ಅಕ್ಕನ ಮಗ ಇದ್ದಾನೆ. ಅವನ ಮನೆಯಲ್ಲಿ ಐದು ವಾರ ತಂಗಿದ್ದೆ. ಹುಡುಗ ಕಂಪ್ಯೂಟರಿನ ಕೆಲಸದಲ್ಲಿದ್ದಾನೆ. ಇನ್ನೂ ಮದುವೆಯಾಗಿಲ್ಲ, ಹೆಂಡತಿಯನ್ನು ತರಬೇಕಾದ ವಯಸ್ಸಿನಲ್ಲಿ ಕಾರನ್ನು ತಂದಿದ್ದಾನೆಂದು ಅಕ್ಕನ ದೂರು. ಆ ಕಾರು ೨೦೧೩ನೆಯ ಇಸವಿಯ ಸುಬಾರು ಬಿ.ಆರ್.ಝಡ್, ಕೈ ಬದಲಾಗಿ ಇವನ ಬಳಿಗೆ ಬಂದದ್ದು. ಎರಡೇ ಬಾಗಿಲು. ಹಿಂದಿನ ಸೀಟಿನಲ್ಲಿ ಕುಳಿತುಕೊಳ್ಳಬೇಕಾದರೆ ಕಾಲುಗಳನ್ನು ಮನೆಯಲ್ಲಿಟ್ಟು ಬರಬೇಕು. ನೆಲಕ್ಕೆ ಎಷ್ಟು ಹತ್ತಿರವೆಂದರೆ, ಅದರೊಳಕ್ಕೆ ಹತ್ತುವುದಲ್ಲ, ಇಳಿಯುವುದು.

ಸುಬಾರು ಎಂಬುದು ಜಪಾನೀ ಭಾಷೆಯಲ್ಲಿ ನಮ್ಮ ಕೃತ್ತಿಕಾ ನಕ್ಷತ್ರದ ಹೆಸರು. ಕಾರಿನ ಮೂತಿಯ ಮೇಲಿನ ಲಾಂಛನದಲ್ಲಿ ಆರು ನಕ್ಷತ್ರಗಳಿವೆ. ಷಣ್ಮುಖನಿಗೆ ಹಾಲೂಡಿದ ಆರು ಮಂದಿ ತಾಯಂದಿರು ಮೋಟಾರು ಕಾರಿನ ಮೇಲೆ ಕುಳಿತಿರುವುದನ್ನು ಕಂಡು ನನಗೆ ಆ ವಾಹನದ ವಿಷಯದಲ್ಲಿ ಮೊದಲ ದಿನವೇ ಒಂದು ಗೌರವ ಹುಟ್ಟಿತು. ಟೊಯೋಟಾ ಮತ್ತು ಸುಬಾರು ಸಂಸ್ಥೆಗಳೆರಡೂ ಕೂಡಿ ಮಾಡಿ ೨೦೧೨ರಲ್ಲಿ ಮಾರಾಟಕ್ಕೆ ಬಿಟ್ಟ ಗಾಡಿ ಇದು. ಟೊಯೋಟಾದವರ ಅಂಗಡಿಯಲ್ಲಿ ಇದೇ ಗಾಡಿಯ ಹೆಸರು '೮೬'. ಎರಡು ಲೀಟರಿನ ಎಂಜಿನ್ನು, ೨೦೦ ಅಶ್ವಶಕ್ತಿ. ಸಿಲಿಂಡರಿನ ಅಗಲವೂ ೮೬ ಮಿಲಿಮೀಟರು, ಅದರೊಳಗೆ ಪಿಸ್ಟನ್ನು ಓಡಾಡುವ ದೂರವೂ ೮೬ ಮಿಲಿಮೀಟರು. ಹೆಸರಿಗೂ ಅಂಗಕ್ಕೂ ಇಂಥ ಹೊಂದಾಣಿಕೆ ಮನುಷ್ಯರಲ್ಲಿ ಅಪರೂಪ.

ಈ ಕಾರಿಗೆ 'ಹೆಡರ್' ಬದಲಾಯಿಸಬೇಕೆಂದು ಅಳಿಯ ಆರು ತಿಂಗಳಿಂದ ಹಂಚಿಕೆ ಹಾಕಿದ್ದ. ನಾನು ಹೋದ ಎರಡನೆಯ ವಾರಕ್ಕೆ ಸರಿಯಾಗಿ ಪೆಟ್ಟಿಗೆ ಬಂದಿತು. "ಮಾವ, ಶನಿವಾರ ನೀವು ಟಾರ್ಚು ಹಿಡಿದುಕೊಂಡರೆ ಸಾಕು," ಎಂದ. ಟಾರ್ಚು ಹಿಡಿಯುವುದಕ್ಕೆ ಎಂ.ಎ. ಸಾಲದೆ? ಒಪ್ಪಿಕೊಂಡೆ.

ಹೆಡರ್ ಎಂದರೆ ಏನು? ನಮ್ಮ ಮೋಟಾರು ಸೈಕಲ್ ಮೆಕ್ಯಾನಿಕ್ಕುಗಳು ಇದರ ತಮ್ಮನನ್ನು 'ಬೆಂಡ್ ಪೈಪು' ಎಂದು ಕರೆಯುತ್ತಾರೆ: ಎಂಜಿನ್ನಿನಿಂದ ಹೊರಟು ಬಗ್ಗಿ ಸೈಲೆನ್ಸರಿನ ಕಡೆಗೆ ಹೋಗುವ ಮೊದಲ ಕೊಳವೆ. ಬೈಸಿಕಲ್ಲಿನ ಅಣ್ಣನಾದ ಒಂಟಿ ಸಿಲಿಂಡರಿನ ಗಾಡಿಗೆ ಒಂದು ಬೆಂಡ್ ಪೈಪಾದರೆ ನಾಲ್ಕು ಸಿಲಿಂಡರಿನ ಕಾರಿಗೆ ನಾಲ್ಕು. ಆ ನಾಲ್ಕೂ ಮುಂದೆ ಒಂದು ಕಡೆ ಕೂಡಿ ಒಂದಾಗುತ್ತವೆ. ಆ ಸಂಗಮಸ್ಥಾನಕ್ಕೆ ಇಂಗ್ಲಿಷರು ಕೊಟ್ಟಿರುವ ಹೆಸರು 'ಕಲೆಕ್ಟರ್'. ನಮ್ಮ ಜಿಲ್ಲೆಗಳಲ್ಲಿ ಕಂದಾಯ ಕೂಡಿಸುತ್ತಿದ್ದವನ ಹೆಸರೇ ಇಲ್ಲಿ ಹೊಗೆ ಕೂಡಿಸುವವನಿಗೂ ಬಂದಿದೆ. ಸಾಮಾನ್ಯವಾದ ಕಾರುಗಳಲ್ಲಿ ಈ ಭಾಗವನ್ನು ಎರಕದ ಕಬ್ಬಿಣದಲ್ಲಿ ಮೊದ್ದುಮೊದ್ದಾಗಿ ಹೊಯ್ದು ಕೂರಿಸುವುದು ಬಹುಕಾಲದ ರೂಢಿ. ಅಗ್ಗ, ಗಟ್ಟಿ, ಸದ್ದು ಕಡಮೆ. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು ಹಳೆಯ ಫೋರ್ಡ್ ಕಾರುಗಳನ್ನು ಕೊಂಡು, ೧೯೩೨ರಲ್ಲಿ ಬಂದ ಎಂಟು ಸಿಲಿಂಡರಿನ ಎಂಜಿನ್ನನ್ನು ಬಗೆಬಗೆಯಾಗಿ ತಿದ್ದಿ ಓಡಿಸತೊಡಗಿದಾಗ, ಕಿತ್ತು ಎಸೆದ ಮೊದಲ ಸಾಮಾನುಗಳಲ್ಲಿ ಈ ಎರಕದ ಮುದ್ದೆಯೂ ಒಂದು. ಅದರ ಜಾಗದಲ್ಲಿ ಉಕ್ಕಿನ ಕೊಳವೆಗಳನ್ನು ಬಗ್ಗಿಸಿ ಬೆಸೆದು ಕೂರಿಸಿದರು. ಆ ಹವ್ಯಾಸವೇ ಬೆಳೆದು ಇಂದು ದೊಡ್ಡ ವ್ಯಾಪಾರವಾಗಿದೆ.

ಒಂದು ಹೊಗೆಕೊಳವೆಯಲ್ಲಿ ಅಷ್ಟೊಂದು ಏನಿದೆ ಎಂದು ನಾನೂ ಕೇಳಿದೆ. ಅಳಿಯ ವಿವರಿಸಿದ, ವಿವರಿಸಿದ ಹಾಗೆಲ್ಲ ನನ್ನ ಕಿವಿ ನೆಟ್ಟಗಾಯಿತು.

ಎಂಜಿನ್ನಿನ ಬಾಳೆಲ್ಲ ನಾಲ್ಕು ಕ್ರಿಯಾಪದಗಳಲ್ಲಿ ಮುಗಿಯುತ್ತದೆ: ಹೀರು, ಒತ್ತು, ಉರಿ, ಉಗುಳು. ಈ ನಾಲ್ಕೂ ಒಮ್ಮೆ ನಡೆಯುವಷ್ಟರಲ್ಲಿ ಎಂಜಿನ್ನಿನ ದಂಡ ಎರಡು ಸುತ್ತು ಸುತ್ತುತ್ತದೆ. ನಾಲ್ಕು ಸಿಲಿಂಡರುಗಳು ಸರದಿಯ ಮೇಲೆ ಉಗುಳುವುದರಿಂದ ಸುತ್ತೊಂದಕ್ಕೆ ಎರಡು ಉಗುಳು. ಈ ಗಾಡಿ ತನ್ನ ಪೂರ್ಣ ಬಲವನ್ನು ತೋರುವುದು ನಿಮಿಷಕ್ಕೆ ೭,೦೦೦ ಸುತ್ತಿನಲ್ಲಿ. ಎಂದರೆ ಆಗ ಸೆಕೆಂಡಿಗೆ ೨೩೩ ಸಲ ಬೆಂಕಿಯ ಉಸಿರು ಕೊಳವೆಗೆ ನುಗ್ಗುತ್ತದೆ. ನುಗ್ಗುವುದು ನದಿಯಂತೆ ಒಂದೇ ಧಾರೆಯಾಗಿ ಅಲ್ಲ, ಅಲೆಅಲೆಯಾಗಿ. ಒಂದು ಒತ್ತಡದ ಅಲೆ ಕೊಳವೆಯೊಳಗೆ ಸೆಕೆಂಡಿಗೆ ಸುಮಾರು ೫೦೦ರಿಂದ ೬೦೦ ಮೀಟರಿನ ವೇಗದಲ್ಲಿ ಓಡಿ, ಕೊಳವೆ ಅಗಲವಾಗುವ ಸಂಗಮಸ್ಥಾನವನ್ನು ಮುಟ್ಟಿದೊಡನೆ ಅದರ ಪ್ರತಿಧ್ವನಿಯೊಂದು ಹಿಂದಕ್ಕೆ ಮರಳುತ್ತದೆ. ಬಾವಿಯಲ್ಲಿ ಕೂಗಿದರೆ ಕೂಗೇ ಮರಳುತ್ತದಷ್ಟೆ. ಇಲ್ಲಿ ಮರಳುವುದು ಕೂಗಿನ ತದ್ವಿರುದ್ಧ. ಹೋದದ್ದು ಒತ್ತಡ, ಬಂದದ್ದು ಸೆಳೆತ. ಆ ಸೆಳೆತ ಸಿಲಿಂಡರಿನ ಬಾಗಿಲಿಗೆ ಸರಿಯಾದ ಗಳಿಗೆಯಲ್ಲಿ, ಬಾಗಿಲು ಇನ್ನೂ ಮುಚ್ಚುವ ಮೊದಲು, ಬಂದು ತಲಪಿತೋ, ಒಳಗೆ ಉಳಿದಿದ್ದ ಕೊನೆಯ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಆ ಕಡೆಯಿಂದ ಹೊಸ ಗಾಳಿ ಒಳಗೆ ಬರುವುದಕ್ಕೂ ನೆರವಾಗುತ್ತದೆ. ತಡವಾಗಿ ಬಂದರೆ ಮುಚ್ಚಿದ ಬಾಗಿಲನ್ನು ತಟ್ಟಿ ಸುಮ್ಮನಾಗುತ್ತದೆ. ಬೇಗ ಬರುವುದೋ ತಡವಾಗಿ ಬರುವುದೋ ಕೊಳವೆಯ ಉದ್ದದ ಮೇಲಿದೆ. ಆದುದರಿಂದ ಒಂದು ಉದ್ದ ಒಂದು ವೇಗಕ್ಕೆ ಮಾತ್ರ ಸರಿಹೋಗುತ್ತದೆ. ಎಲ್ಲ ವೇಗಕ್ಕೂ ಒದಗುವ ಉದ್ದವನ್ನು ಯಾವ ಪಂಡಿತನೂ ಕಂಡುಹಿಡಿದಿಲ್ಲ. ಈ ಕಾರಿನ ಎಂಜಿನ್ನು ೩,೫೦೦ರಿಂದ ೪,೫೦೦ ಸುತ್ತುಗಳ ನಡುವೆ ಒಂದು ಹಳ್ಳಕ್ಕೆ ಬಿದ್ದಂತೆ ಬಲಗುಂದುತ್ತದೆಂಬುದು ಪ್ರಸಿದ್ಧವಾದ ದೂರು. ಹೆಡರ್ ಮಾರುವವರು ಆ ಹಳ್ಳವನ್ನು ತುಂಬಿಕೊಡುತ್ತೇವೆಂದು ಸಾರುತ್ತಾರೆ. ತಕ್ಕಮಟ್ಟಿಗೆ ತುಂಬುವುದೂ ಉಂಟು. ೨೦೨೨ನೆಯ ಮಾದರಿಯಿಂದ ಕಾರ್ಖಾನೆಯವರೇ ೨.೪ ಲೀಟರಿನ ಎಂಜಿನ್ನನ್ನು ಕೂರಿಸಿ ಆ ದೂರನ್ನು ಬಹುಮಟ್ಟಿಗೆ ಇಲ್ಲವಾಗಿಸಿದರು.

ಆದರೆ ನಮ್ಮ ಹುಡುಗನ ಮನಸ್ಸು ಹಳ್ಳದ ಮೇಲೆ ಇರಲಿಲ್ಲ. ಅದು ನನಗೆ ಗೊತ್ತಾದದ್ದು ಪೆಟ್ಟಿಗೆ ಬಿಚ್ಚಿದಾಗ. ಹೊಸ ಕೊಳವೆಗಳು ಹೊಳೆಯುತ್ತಿದ್ದವು. ಆದರೆ ಒಂದು ಪಕ್ಕದವು ಗಿಡ್ಡ, ಇನ್ನೊಂದು ಪಕ್ಕದವು ಉದ್ದ. ಮಾಡಿದವನು ಅಳತೆ ತಪ್ಪಿದ್ದಾನೆಂದು ನಾನು ಮರುಗಿದೆ. "ಇಲ್ಲ ಮಾವ," ಎಂದು ಅವನು ನಕ್ಕ. "ಸಮ ಇರೋದನ್ನು ತೆಗೆದು ಅಸಮ ಇರೋದನ್ನು ಹಾಕ್ತಾ ಇದ್ದೀವಿ. ಬೇಕೂಂತಲೇ."

ಇದಕ್ಕೆ ಹಿನ್ನೆಲೆ ಹೇಳಬೇಕು. ಸುಬಾರು ಎಂಜಿನ್ನಿನ ಸಿಲಿಂಡರುಗಳು ನೆಟ್ಟಗೆ ನಿಂತಿರುವುದಿಲ್ಲ. ಎರಡು ಎಡಕ್ಕೆ, ಎರಡು ಬಲಕ್ಕೆ, ಮಲಗಿರುತ್ತವೆ. ಪಿಸ್ಟನ್ನುಗಳು ಜಟ್ಟಿಗಳ ಮುಷ್ಟಿಯಂತೆ ಎದುರುಬದುರಾಗಿ ಹೋಗಿಬರುತ್ತವೆ. ಅದಕ್ಕೇ ಇದನ್ನು ಬಾಕ್ಸರ್ ಎಂಜಿನ್ ಎನ್ನುತ್ತಾರೆ. ೧೯೬೬ರ 'ಸುಬಾರು ೧೦೦೦' ಎಂಬ ಕಾರಿನಿಂದ ಈ ಸಂಸ್ಥೆ ಆ ಪದ್ಧತಿಯನ್ನು ಬಿಡದೆ ನಡೆಸಿಕೊಂಡು ಬಂದಿದೆ. ಉರಿಯುವ ಸರದಿ ಒಂದು, ಮೂರು, ಎರಡು, ನಾಲ್ಕು. ಒಂದೂ ಮೂರೂ ಒಂದೇ ಪಕ್ಕದವು, ಎರಡೂ ನಾಲ್ಕೂ ಇನ್ನೊಂದು ಪಕ್ಕದವು. ಎಂದರೆ ಬಲಗಡೆ ಎರಡು ಏಟು, ಎಡಗಡೆ ಎರಡು ಏಟು, ಮತ್ತೆ ಬಲಗಡೆ ಎರಡು. ಏಟುಗಳ ನಡುವಣ ಅಂತರವೆಲ್ಲ ಸಮ. ಈಗ ಎರಡು ಪಕ್ಕದ ಕೊಳವೆಗಳೂ ಒಂದೇ ಉದ್ದವಾಗಿದ್ದರೆ ನಾಲ್ಕು ಏಟುಗಳೂ ಸಮವಾದ ಅಂತರದಲ್ಲೇ ಸಂಗಮವನ್ನು ಮುಟ್ಟುತ್ತವೆ. ಒಂದು ಪಕ್ಕದವು ಅರ್ಧ ಮೀಟರಿನಷ್ಟು ಹೆಚ್ಚು ಉದ್ದವಾಗಿದ್ದರೆ ಆ ಪಕ್ಕದ ಎರಡು ಏಟುಗಳು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ತಡವಾಗಿ ಬರುತ್ತವೆ. ಮನುಷ್ಯನಿಗೆ ಅದು ಎಣಿಕೆಗೆ ಸಿಕ್ಕದ ಕಾಲ; ಕಿವಿಗೆ ಮಾತ್ರ ಚೆನ್ನಾಗಿ ತಿಳಿಯುತ್ತದೆ.

ಇಲ್ಲಿಗೆ ಬಂದಾಗ ನಾನು ಟಾರ್ಚನ್ನು ಕೆಳಗಿಟ್ಟು ಕಾಗದ ಕೇಳಿದೆ. ಪರಿವರ್ಧಿನಿ ಷಟ್ಪದಿಯ ಒಂದು ಗಿಡ್ಡ ಸಾಲಿನಲ್ಲಿ ನಾಲ್ಕು ನಾಲ್ಕು ಮಾತ್ರೆಗಳ ನಾಲ್ಕು ಗಣಗಳಿರುತ್ತವೆಂದು ವಿದ್ಯಾರ್ಥಿಗಳು ಬಲ್ಲರು: ೪, ೪, ೪, ೪. ಒಟ್ಟು ೧೬. ಸಮ ಉದ್ದದ ಹೆಡರಿನ ನಡೆ ಅದೇ. ಒಂದು ಪಕ್ಕವನ್ನು ತಡಮಾಡಿ ನೋಡಿ. ಮೊದಲ ಏಟಿನಿಂದ ಎರಡನೆಯದಕ್ಕೆ ಅಂತರ ಮೊದಲಿನಷ್ಟೇ. ಎರಡರಿಂದ ಮೂರಕ್ಕೆ ಹೆಚ್ಚು. ಮೂರರಿಂದ ನಾಲ್ಕಕ್ಕೆ ಮತ್ತೆ ಮೊದಲಿನಷ್ಟು. ನಾಲ್ಕರಿಂದ ಮುಂದಿನ ಸುತ್ತಿನ ಒಂದಕ್ಕೆ ಕಡಮೆ. ಎಂದರೆ ೪, ೫, ೪, ೩. ಕೂಡಿದರೆ ಅದೇ ೧೬! ಸಾಲಿನ ಮಾತ್ರೆ ಒಂದೂ ಹೆಚ್ಚುಕಡಮೆಯಾಗಲಿಲ್ಲ. ನಡೆ ಮಾತ್ರ ಕುಂಟಿತು. (ಐದನೆಯ ಮಾತ್ರೆ ಪೂರ್ತಿಯಾಗಿ ದಕ್ಕಬೇಕಾದರೆ ಎಂಜಿನ್ನು ಜೋರಾಗಿ ಓಡುತ್ತಿರಬೇಕು, ನಿಧಾನವಾಗಿರುವಾಗ ಕುಂಟು ಇನ್ನೂ ಸಣ್ಣದು. ಲೆಕ್ಕದಲ್ಲಿ ಕಟ್ಟುನಿಟ್ಟಾದ ವಾಚಕರು ಈ ಕವಿಸಮಯವನ್ನು ಕ್ಷಮಿಸಬೇಕು.) ಉತ್ತರಪತ್ರಿಕೆಯಲ್ಲಿ ಇಂಥ ಸಾಲು ಕಂಡಿದ್ದರೆ ನಾನು ಕೆಂಪು ಮಸಿಯಿಂದ ಛಂದೋಭಂಗವೆಂದು ಬರೆದು ಅಂಕ ಕಳೆಯುತ್ತಿದ್ದೆ. ಆದರೆ ಕುಮಾರವ್ಯಾಸ ತನ್ನ ಭಾರತವನ್ನೆಲ್ಲ ನಡೆಸಿದ ಭಾಮಿನಿಯ ನಡೆ ಏನು? ಮೂರು, ನಾಲ್ಕು, ಮೂರು, ನಾಲ್ಕು. ಅದೂ ಸಮನಲ್ಲವಷ್ಟೆ. ಆ ವಿಷಮಗತಿಯ ಒನಪಿನಿಂದಲೇ ಗಮಕಿಯ ಕೊರಳಿಗೆ ಅದು ಅಷ್ಟು ಒಪ್ಪುತ್ತದೆ.

ಈ ಕುಂಟುನಡೆ ಕಿವಿಗೆ ಹೇಗೆ ಕೇಳಿಸುತ್ತದೆ? ಕನ್ನಡದ ಅನುಕರಣಾವ್ಯಯಗಳಲ್ಲಿ 'ಗುಡುಗುಡು' ಎಂಬುದು ಹತ್ತಿರದ್ದು. ಜಪಾನಿನವರು 'ದೊರೊದೊರೊ' ಎನ್ನುತ್ತಾರಂತೆ. ಹಳೆಯ ಸುಬಾರುಗಳೆಲ್ಲ ಹೀಗೆ ಗುಡುಗುಡಿಸುತ್ತಿದ್ದವು. ಅದು ಯಾವ ಸಂಗೀತಗಾರನ ಯೋಜನೆಯೂ ಅಲ್ಲ; ಮಲಗಿದ ಎಂಜಿನ್ನಿನ ಎರಡು ಪಕ್ಕಗಳಿಂದ ಬರುವ ಹೊಗೆಯನ್ನು ಒಂದೇ ಕಡೆಗೆ ತರಬೇಕಾಗಿ ಬಂದಾಗ, ಒಂದು ಪಕ್ಕದ್ದು ಸುತ್ತಿಕೊಂಡು ಬಂದದ್ದರಿಂದ ಆದದ್ದು. ಜಾಗದ ಇಕ್ಕಟ್ಟಿನಿಂದ ಹುಟ್ಟಿದ ಕುಂದು. ಕಾರ್ಖಾನೆಯ ಎಂಜಿನಿಯರುಗಳು ಅದನ್ನು ಕುಂದೆಂದೇ ಎಣಿಸಿದರು. ೨೦೦೩ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಲೆಗಸಿ ಕಾರಿನಲ್ಲಿ ಕೊಳವೆಗಳನ್ನು ಸಮಮಾಡಿದರು. ಗಾಡಿ ಉತ್ತಮವಾಯಿತು. ಗುಡುಗು ನಿಂತುಹೋಯಿತು. ಅಭಿಮಾನಿಗಳು ಹಲುಬಿದರು. ಅಮೆರಿಕದ ಅಂಗಡಿಗಳಿಗೆ ಬರುತ್ತಿದ್ದ 'ಡಬ್ಲ್ಯು.ಆರ್.ಎಕ್ಸ್. ಎಸ್.ಟಿ.ಐ.' ಎಂಬ ಓಟದ ತಳಿ ಮಾತ್ರ ೨೦೨೧ರಲ್ಲಿ ನಿಲ್ಲುವ ವರೆಗೂ ಹಳೆಯ ಕೊರಳನ್ನೇ ಉಳಿಸಿಕೊಂಡಿತ್ತು. ನಮ್ಮ ಬಿ.ಆರ್.ಝಡ್ ಹುಟ್ಟಿದ್ದೇ ಸಮ ಕೊಳವೆಯೊಡನೆ. ಅದರ ದನಿ ಚೆನ್ನಾಗಿಯೇ ಇದೆ. ಚೆನ್ನಾಗಿ ಓದಿ ಪಾಸಾದ ಹುಡುಗನ ಮಾತಿನ ಹಾಗಿದೆ.

ಅಸಮವನ್ನು ಪ್ರೀತಿಸುವ ಕಿವಿ ಸುಬಾರು ಭಕ್ತರದು ಮಾತ್ರವೇನಲ್ಲ. ಹಾರ್ಲೆ ಡೇವಿಡ್ಸನ್ ಮೋಟಾರು ಸೈಕಲ್ಲಿನ ಎರಡು ಸಿಲಿಂಡರುಗಳ ನಡುವೆ ೪೫ ಡಿಗ್ರಿಯ ಕೋನ. ಎರಡು ಪಿಸ್ಟನ್ನಿಗೂ ಒಂದೇ ಗೂಟ. ಅದರಿಂದಾಗಿ ಒಂದು ಏಟಿಗೂ ಇನ್ನೊಂದಕ್ಕೂ ಅಂತರ ಒಮ್ಮೆ ೩೧೫ ಡಿಗ್ರಿ, ಮತ್ತೊಮ್ಮೆ ೪೦೫. ಈ ಎಡವುನಡೆಯ ಸದ್ದನ್ನು ಆ ಸಂಸ್ಥೆ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಬೇಕೆಂದು ೧೯೯೪ರಲ್ಲಿ ಸರ್ಕಾರಕ್ಕೆ ಅರ್ಜಿ ಹಾಕಿ, ಎದುರಾಳಿಗಳ ತಕರಾರನ್ನು ವರ್ಷಗಟ್ಟಲೆ ಎದುರಿಸಿ, ೨೦೦೦ದಲ್ಲಿ ಅರ್ಜಿಯನ್ನು ಹಿಂತೆಗೆದುಕೊಂಡಿತು. ಅಮೆರಿಕದವರ ಕಿವಿಗೆ ಅದು 'ಪೊಟೇಟೊ, ಪೊಟೇಟೊ' ಎಂದು ಕೇಳಿಸುತ್ತದೆ; ಹಸಿದ ಕಿವಿಯೆನ್ನಬೇಕು. ಇದಕ್ಕೆ ತಿರುಗುಮುರುಗಾಗಿ, ೧೯೬೬ರಲ್ಲಿ ಫ್ರಾನ್ಸಿನ ಲ ಮಾನ್ ಪಂದ್ಯವನ್ನು ಗೆದ್ದ ಫೋರ್ಡ್ ಜಿ.ಟಿ. ೪೦ ಕಾರಿನಲ್ಲಿ ಎಂಟು ಸಿಲಿಂಡರುಗಳ ಏಟುಗಳನ್ನು ಸಮಮಾಡುವುದಕ್ಕಾಗಿಯೇ ಎಡಗಡೆಯ ಕೊಳವೆಗಳನ್ನು ಬಲಕ್ಕೂ ಬಲದವನ್ನು ಎಡಕ್ಕೂ ಹಾಯಿಸಿ ಹೆಣೆದಿದ್ದರು. ನೋಡಿದವರು ಅದಕ್ಕೆ 'ಹಾವುಗಳ ಕಂತೆ' ಎಂದು ಹೆಸರಿಟ್ಟರು. ಗೆಲ್ಲಬೇಕಾದವನಿಗೆ ಸಮ ಬೇಕು. ಬೇರೆಯವರಿಗೆ?

ಅಳಿಯನನ್ನು ಅದನ್ನೇ ಕೇಳಿದೆ. ಸಮ ಉದ್ದದ ಹೆಡರೇ ಮೇಲಿನ ವೇಗಗಳಲ್ಲಿ ಒಂದಿಷ್ಟು ಹೆಚ್ಚು ಬಲ ಕೊಡುವುದೆಂದು ಬಲ್ಲವರು ಹೇಳುತ್ತಾರೆಂಬುದನ್ನು ಅವನೇ ಒಪ್ಪಿದ. ಹಾಗಿದ್ದರೆ ಕೈಯಿಂದ ಹಣ ಕೊಟ್ಟು ಕುಂದನ್ನು ಕೊಳ್ಳುವುದೇಕೆ? ಅವನು ಸ್ಪ್ಯಾನರುಗಳನ್ನು ಸಾಲಾಗಿ ಜೋಡಿಸುತ್ತ, ನನ್ನ ಮುಖ ನೋಡದೆ, ಹೇಳಿದ. ಅವನು ಈ ದೇಶಕ್ಕೆ ಮೊದಲು ಬಂದದ್ದು ಓದುವುದಕ್ಕಾಗಿ, ಉತ್ತರದ ಮಿಷಿಗನ್ ಸಂಸ್ಥಾನಕ್ಕೆ. ಮೊದಲ ಚಳಿಗಾಲ. ಕೈಯಲ್ಲಿ ಕಾಸಿಲ್ಲ, ಕಾರಿಲ್ಲ. ಹಿಮ ಬಿದ್ದರೆ ಮನೆಯಿಂದ ಹೊರಡುವಂತಿಲ್ಲ. ಸಂಜೆ ಐದಕ್ಕೆ ಕತ್ತಲೆ. ತಾಯಿಯೊಡನೆ ಫೋನಿನಲ್ಲಿ ಎಲ್ಲ ಚೆನ್ನಾಗಿದೆಯೆಂದು ಹೇಳಿ, ಫೋನಿಟ್ಟು, ಗೋಡೆ ನೋಡುತ್ತ ಕೂರುವುದು. ಅದೇ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಹಿರಿಯನಾದ ಧಾರವಾಡದ ಕಡೆಯ ಹುಡುಗನೊಬ್ಬನಲ್ಲಿ ಹಳೆಯದೊಂದು ಸುಬಾರು ಇದ್ದಿತು, ೨೦೦೪ರ ಡಬ್ಲ್ಯು.ಆರ್.ಎಕ್ಸ್. ಶನಿವಾರ ಸಂಜೆ ಅವನು ಇವನನ್ನು ದಿನಸಿ ಅಂಗಡಿಗೆ ಕರೆದೊಯ್ಯುತ್ತಿದ್ದ. ಹಿಮದಲ್ಲಿ ಬೀದಿಯ ಬೇರೆ ಸದ್ದೆಲ್ಲ ಉಡುಗಿರುತ್ತಿತ್ತು. ಎರಡು ಬೀದಿ ಆಚೆಯಿಂದಲೇ ಆ ಗುಡುಗುಡು ಕೇಳಿಸುತ್ತಿತ್ತು. ಕೇಳಿದೊಡನೆ ಇವನು ಎದ್ದು ಬೂಟು ಹಾಕಿಕೊಳ್ಳುವನು. ಕೆಳಗಿನಿಂದ ಕೂಗು: "ಲಗೂನ ಕೆಳಗ ಬಾರೋ, ಅಂಗಡಿ ಮುಚ್ಚತಾರ!" ಮುಂದೆ ಆ ಹಿರಿಯ ಓದು ಮುಗಿಸಿ, ಕೆಲವು ಕಾಲ ದುಡಿದು, ಕಾರನ್ನು ಮಾರಿ ಹುಬ್ಬಳ್ಳಿಗೆ ಹಿಂತಿರುಗಿದ. ಇವನು ಕೈಯಲ್ಲಿ ಹಣ ಕೂಡಿದಾಗ ಅದೇ ನಕ್ಷತ್ರದ ಗುರುತಿನ, ಅದೇ ಬಾಕ್ಸರ್ ಎಂಜಿನ್ನಿನ ಗಾಡಿಯನ್ನು ಹುಡುಕಿ ಕೊಂಡ. ಕೀಲಿ ತಿರುಗಿಸಿದರೆ, ದನಿ ಬೇರೆ.

ನಾನು ಮತ್ತೆ ಪ್ರಶ್ನೆ ಕೇಳಲಿಲ್ಲ. ಮೈಸೂರಿನಲ್ಲಿ ೧೯೬೧ರಿಂದ ೧೯೯೬ರ ವರೆಗೆ ಐಡಿಯಲ್ ಜಾವಾ ಎಂಬ ಕಾರ್ಖಾನೆ ನಡೆಯಿತು. ಅಲ್ಲಿ ತಯಾರಾದ ಯೆಜ್ಡಿ ಮೋಟಾರು ಸೈಕಲ್ಲೊಂದು ನಮ್ಮ ತಂದೆಯವರಲ್ಲಿತ್ತು. ಎರಡು ಸೈಲೆನ್ಸರುಗಳಿಂದ ಹೊರಡುವ ಅದರ ಟೊಳ್ಳುಸದ್ದು ಬೀದಿಯ ತಿರುವಿನಲ್ಲಿ ಕೇಳಿಸಿದೊಡನೆ ನಾನು ಚಂದಮಾಮವನ್ನು ದಿಂಬಿನ ಕೆಳಗೆ ತುರುಕಿ ಗಣಿತದ ಪುಸ್ತಕ ತೆಗೆಯುತ್ತಿದ್ದೆ. ತಂದೆಯವರು ತೀರಿ ಹನ್ನೊಂದು ವರ್ಷವಾಯಿತು. ಈಗಲೂ ಯಾವನಾದರೂ ಹಳೆಯ ಯೆಜ್ಡಿ ಓಡಿಸಿಕೊಂಡು ಹೋದರೆ ನನ್ನ ಕೈ ತಾನಾಗಿ ಪುಸ್ತಕವನ್ನು ಮುಚ್ಚುತ್ತದೆ.

ಇನ್ನೊಂದು ಮಾತು ಮಾತ್ರ ಕೇಳಲೇಬೇಕಾಗಿತ್ತು. ಈ ಕಾರಿನಲ್ಲಿ ಹೊಗೆಯನ್ನು ಶುದ್ಧಿಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಜೇನುಗೂಡಿನಂಥ ಸಾಧನದ ಮೊದಲ ಭಾಗ ಹೆಡರಿನ ಒಡಲಲ್ಲೇ ಸೇರಿಕೊಂಡಿದೆ. ಹೆಡರನ್ನು ತೆಗೆದರೆ ಅದೂ ಹೋಯಿತು. ಪೇಟೆಯಲ್ಲಿ ಜೇನುಗೂಡಿಲ್ಲದ ಬರಿಗೊಳವೆಗಳೂ ಸಿಕ್ಕುತ್ತವೆ. ಅಗ್ಗ, ಹಗುರ, ಸದ್ದೂ ಬಲವೂ ಹೆಚ್ಚು, ವಿಷವೂ ಹೆಚ್ಚು. ಅಮೆರಿಕದಲ್ಲಿ ೧೯೭೦ರ ವಾಯುಶುದ್ಧಿ ಕಾನೂನಿನ ಫಲವಾಗಿ ೧೯೭೫ನೆಯ ಮಾದರಿಯ ಕಾರುಗಳಿಂದ ಈ ಸಾಧನ ಬಳಕೆಗೆ ಬಂದಿತು. ಅದನ್ನು ಕೀಳುವುದು ಅಪರಾಧ. ಕ್ಯಾಲಿಫೋರ್ನಿಯಾದಲ್ಲಂತೂ ಸರ್ಕಾರದ ಮಂಜೂರಾತಿ ಸಂಖ್ಯೆಯಿಲ್ಲದ ಹೆಡರ್ ಹಾಕಿದ ಗಾಡಿ ತಪಾಸಣೆಯಲ್ಲಿ ತೇರ್ಗಡೆಯಾಗದು. ವಾಷಿಂಗ್ಟನ್ ಸಂಸ್ಥಾನ ಹೊಗೆ ತಪಾಸಣೆಯನ್ನು ೨೦೨೦ರ ಆರಂಭದಿಂದ ನಿಲ್ಲಿಸಿದೆ, ನೋಡುವವರಿಲ್ಲ. ನೋಡುವವರಿಲ್ಲದಿದ್ದಾಗ ಏನು ಮಾಡುತ್ತೀಯೆ ಎಂಬುದೇ ನನ್ನ ಪ್ರಶ್ನೆಯಾಗಿತ್ತು. ಹುಡುಗ ಜೇನುಗೂಡಿರುವುದನ್ನೇ, ಹೆಚ್ಚು ಬೆಲೆ ಕೊಟ್ಟು, ತರಿಸಿದ್ದ. "ಕಾನೂನಿನ ಅಕ್ಷರಕ್ಕೆ ಇದೂ ಪೂರ್ತಿ ಸರಿಯಲ್ಲ ಮಾವ," ಎಂದೂ ಒಪ್ಪಿಕೊಂಡ. ಹಳೆಯದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟದ ಮೇಲಿಡುವುದಾಗಿಯೂ, ಮುಂದೆ ಕ್ಯಾಲಿಫೋರ್ನಿಯಾಕ್ಕೆ ವರ್ಗವಾದರೆ ಮತ್ತೆ ಹಾಕುವುದಾಗಿಯೂ ಹೇಳಿದ. ನನ್ನ ಮನಸ್ಸು ಪೂರ್ತಿ ಒಪ್ಪಲಿಲ್ಲ. ಒಪ್ಪದೆಯೂ ಟಾರ್ಚು ಹಿಡಿದೆನೆಂಬುದನ್ನು ಮರೆಮಾಚಲಾರೆ.

ಕೆಲಸ ಬೆಳಗ್ಗೆ ಎಂಟಕ್ಕೆ ಆರಂಭವಾಯಿತು. ಎಂಜಿನ್ನು ರಾತ್ರಿಯೆಲ್ಲ ಆರಿರಬೇಕು. ಬ್ಯಾಟರಿಯ ತಂತಿ ಬಿಚ್ಚಿ, ಹಿಂದಿನ ಚಕ್ರಗಳಿಗೆ ಅಡ್ಡೆ ಕೊಟ್ಟು, ಜಾಕಿನಿಂದ ಮುಂಭಾಗವನ್ನೆತ್ತಿ, ಉಕ್ಕಿನ ಸ್ಟ್ಯಾಂಡುಗಳ ಮೇಲೆ ಇಳಿಸಿದ. ಜಾಕನ್ನೇ ನಂಬಿ ಕಾರಿನ ಕೆಳಗೆ ಹೋಗುವವನು ಮೂರ್ಖನೆಂದು ನನಗೆ ಮೂರು ಸಲ ಹೇಳಿದ. ಬಾಕ್ಸರ್ ಎಂಜಿನ್ನಿನ ಹೊಗೆಯ ಬಾಗಿಲುಗಳು ಕೆಳಮುಖವಾಗಿರುವುದರಿಂದ ಹೆಡರ್ ಗಾಡಿಯ ಹೊಟ್ಟೆಯಡಿಯಲ್ಲಿ ಸುಲಭವಾಗಿ ಕೈಗೆ ಸಿಕ್ಕುತ್ತದೆ. ಪ್ಲಾಸ್ಟಿಕ್ಕಿನ ತಳಹೊದಿಕೆ ಕಳಚಿತು. ಶಾಖ ತಡೆಯುವ ತಗಡುಗಳು ಕಳಚಿದವು. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಮೂಸಿ ನೋಡುವ ಎರಡು ಸೆನ್ಸರುಗಳನ್ನು, ತುದಿಗೆ ಬೆರಳು ಸೋಕದಂತೆ, ಬಿಚ್ಚಿ ಬಟ್ಟೆಯ ಮೇಲೆ ಮಲಗಿಸಿದ. ಹಿಂದಿನ ಕೊಳವೆಗೆ ಸೇರುವಲ್ಲಿದ್ದ ಸ್ಪ್ರಿಂಗಿನ ಬೋಲ್ಟುಗಳು ಗೊಣಗುತ್ತ ಬಂದವು.

ಉಳಿದದ್ದು ಎಂಜಿನ್ನಿಗೆ ಕಚ್ಚಿದ ನಟ್ಟುಗಳು. ಈ ಕಾರು ಮೊದಲು ಓಹಾಯೋ ಸಂಸ್ಥಾನದಲ್ಲಿತ್ತು. ಅಲ್ಲಿ ಚಳಿಗಾಲದಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಉಪ್ಪು ತಿಂದ ಕಬ್ಬಿಣ ತುಕ್ಕು ಹಿಡಿಯಲೇಬೇಕು. ಹಿಂದಿನ ಸಂಜೆಯೇ ತುಕ್ಕುಬಿಡಿಸುವ ಎಣ್ಣೆ ಸಿಂಪಡಿಸಿದ್ದರೂ ಒಂದು ನಟ್ಟು ಮ್ಯಾತೇ ಎನ್ನಲಿಲ್ಲ. ನಟ್ಟು ಹೋದರೆ ಹೋಗಲಿ. ಅದರ ಒಳಗಿನ ಸ್ಟಡ್ಡು ಮುರಿದು ಅಲ್ಯುಮಿನಿಯಮ್ ಎಂಜಿನ್ನಿನೊಳಗೆ ಉಳಿದುಕೊಂಡರೆ ಕೊರೆದು ತೆಗೆಯಬೇಕು. ಕೊರೆಯುವಾಗ ಕೈ ಜಾರಿದರೆ ಎಂಜಿನ್ನಿಗೇ ಪೆಟ್ಟು. ಹುಡುಗನ ಹಣೆಯಲ್ಲಿ ಬೆವರು ಮೂಡಿತು. ಎಣ್ಣೆ ಹಾಕಿ ಕಾಯುವುದು, ಸುತ್ತಿಗೆಯಿಂದ ಮೆಲ್ಲನೆ ತಟ್ಟುವುದು, ಮತ್ತೆ ಎಣ್ಣೆ. ಒಂದೂವರೆ ಗಂಟೆ ಹೀಗೆ ಹೋಯಿತು. ಊಟಕ್ಕೆ ಏಳೆಂದರೆ ಏಳಲೊಲ್ಲ. ಕೊನೆಗೆ ಅವನು ಮಾಡಿದ್ದನ್ನು ಕಂಡು ನಾನು ಬೆಚ್ಚಿದೆ: ಬಿಚ್ಚುವ ಬದಲು ಕೂದಲೆಳೆಯಷ್ಟು ಬಿಗಿಮಾಡಿದ. ಬಿಗಿಯುವ ಕಡೆಗೆ ತುಸು ಅಲುಗಿದರೆ ತುಕ್ಕಿನ ಹಿಡಿತ ಬಿರಿಯುತ್ತದಂತೆ. ಆಮೇಲೆ ಸಡಿಲಿಸುವ ಕಡೆಗೆ ಒತ್ತಿದ. ಕಿಟಾರೆಂದು ಕಿರುಚಿ ನಟ್ಟು ತಿರುಗಿತು. ಸ್ಟಡ್ಡೂ ಅದರೊಡನೆ ತಿರುಗಿ, ಮುರಿಯದೆ, ಇಡಿಯಾಗಿ ಈಚೆಗೆ ಬಂದಿತು. ಅಂಥ ನಟ್ಟನ್ನು ಬಿಡಿಸಿ, ಸ್ಟಡ್ಡಿಗೆ ಎರಡು ನಟ್ಟುಗಳನ್ನು ಬೆನ್ನಿಗೆ ಬೆನ್ನು ಬಿಗಿದು ಮತ್ತೆ ಒಳಕ್ಕೆ ತಿರುಗಿಸುವ ಉಪಾಯವಿದೆ. ಅವನು ನೆಲದ ಮೇಲೆ ಕುಳಿತು ಆ ತುಕ್ಕುಗಡ್ಡಿಯನ್ನು ಅಂಗೈಯಲ್ಲಿಟ್ಟುಕೊಂಡು ನಕ್ಕ ನಗುವನ್ನು ಅವನ ಪದವಿಪ್ರದಾನದ ಚಿತ್ರದಲ್ಲೂ ನಾನು ಕಂಡಿಲ್ಲ.

ಕೂರಿಸುವುದು ಬೇಗನೆ ಆಯಿತು. ಹೊಸ ಗ್ಯಾಸ್ಕೆಟ್ಟುಗಳು; ನಟ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಸಿಕ್ಕಿಸಿ, ಆಮೇಲೆ ಸರದಿಯ ಮೇಲೆ ಸ್ವಲ್ಪ ಸ್ವಲ್ಪವಾಗಿ, ಅಳತೆಯ ರಿಂಚಿನಿಂದ ಬಿಗಿತ. ಕೊನೆಗೆ ಹೊಸ ಕೊಳವೆಗಳನ್ನು ಸ್ಪಿರಿಟ್ಟಿನಲ್ಲಿ ಒರಸಬೇಕು. ಬೆರಳಿನ ಎಣ್ಣೆಯ ಗುರುತು ಉಳಿದರೆ ಶಾಖಕ್ಕೆ ಅದು ಉಕ್ಕಿನ ಮೇಲೆ ಶಾಶ್ವತವಾಗಿ ಕೂತುಬಿಡುತ್ತದೆ. ಈ ಒರಸುವ ಕೆಲಸ ನನಗೆ ಬಂದಿತು. ಒಂದು ಬಾಗಿನ ಒಳಮೈಯಲ್ಲಿ ನನ್ನ ಹೆಬ್ಬೆರಳಿನ ಗುರುತು ತಪ್ಪಿಸಿಕೊಂಡಿತೆಂದು ಆಮೇಲೆ ತಿಳಿಯಿತು. ಬಳಿಕ ಹುಡುಗ ಲ್ಯಾಪ್‌ಟಾಪನ್ನು ಕಾರಿಗೆ ಜೋಡಿಸಿ, ಪೆಟ್ರೋಲಿನ ಪ್ರಮಾಣಕ್ಕೂ ಕಿಡಿ ಹಾರುವ ಕಾಲಕ್ಕೂ ಹೊಸ ಲೆಕ್ಕವನ್ನು ಎಂಜಿನ್ನಿನ ಕಂಪ್ಯೂಟರಿಗೆ ಬರೆದ. ಅದಿಲ್ಲದೆ ಹೊಸ ಕೊಳವೆಯಿಂದ ಬಲ ಹೆಚ್ಚುವುದು ಅಷ್ಟಕ್ಕಷ್ಟೇ. ಇಷ್ಟೆಲ್ಲ ಮಾಡಿ ೨೦೦ ಅಶ್ವಶಕ್ತಿಯ ಮೇಲೆ ಹತ್ತು ಹದಿನೈದು ದೊರೆತರೆ ಬಹಳವಾಯಿತು.

ಆಗ ಸಂಜೆ ಏಳೂವರೆ. ಆ ಸೀಮೆಯಲ್ಲಿ ಜೂನ್ ತಿಂಗಳ ಸೂರ್ಯ ಒಂಬತ್ತರ ವರೆಗೂ ಮುಳುಗುವುದಿಲ್ಲ. ಕಾರನ್ನು ಇಳಿಸಿ ಅಂಗಳಕ್ಕೆ ತಂದು, ಅಳಿಯ ಗುಂಡಿಯ ಮೇಲೆ ಬೆರಳಿಟ್ಟು ಒಂದು ಗಳಿಗೆ ಸುಮ್ಮನಿದ್ದ. ಒತ್ತಿದ. ಮೊದಲು ಒಂದಿಷ್ಟು ಹೊಗೆ ಎದ್ದಿತು. ಹೊಸ ಲೋಹದ ಮೇಲಿನ ಎಣ್ಣೆ ಸುಡುವ ಹೊಗೆ. ಗ್ಯಾಸ್ಕೆಟ್ಟು ಸೋರಿದರೆ ಬರುವ ಟಿಕ್‌ಟಿಕ್ ಸದ್ದಿಗಾಗಿ ಇಬ್ಬರೂ ಕಿವಿಗೊಟ್ಟೆವು. ಬರಲಿಲ್ಲ. ಎಂಜಿನ್ನು ಕಾದು ವೇಗ ಇಳಿಯಿತು. ಆಗ ಕೇಳಿಸಿತು: ಗುಡು, ಗುಡು; ನಡುವೆ ಒಂದು ಎಳೆತ; ಮತ್ತೆ ಗುಡು, ಗುಡು. ಹಿಂದಿನ ಸೈಲೆನ್ಸರನ್ನು ಮುಟ್ಟಿರಲಿಲ್ಲವಾದ್ದರಿಂದ ಜೋರಿಲ್ಲ. ನೆರೆಮನೆಯವರು ಕಿಟಕಿ ತೆರೆಯಲಿಲ್ಲ. "ಅದೇನಾ?" ಎಂದೆ. ಅವನು ತಲೆ ಓರೆಮಾಡಿ ಕೇಳಿದ. "ಅದೇ ಅಲ್ಲ. ಅದರಲ್ಲಿ ಟರ್ಬೋ ಇತ್ತು, ದನಿ ಇನ್ನೂ ಗಡಸು," ಎಂದ. ಸ್ವಲ್ಪ ಹೊತ್ತಾದ ಮೇಲೆ, "ಅದರ ತಮ್ಮನ ಹಾಗಿದೆ," ಎಂದ.

ಬಗ್ಗಿ ನೋಡಿದೆ. ಬೆಳಗ್ಗೆ ಬೆಳ್ಳಿಯಂತಿದ್ದ ಕೊಳವೆಗಳು ಶಾಖಕ್ಕೆ ಹೊಂಬಣ್ಣ ತಳೆಯುತ್ತಿದ್ದವು. ನಾಲ್ಕಾರು ದಿನ ಓಡಿದ ಮೇಲೆ ಕಂದಾಗಿ, ನೇರಿಳೆಯಾಗಿ, ಬಾಗಿಲ ಬಳಿ ನೀಲಿಯಾಗುತ್ತವೆಂದು ಅವನು ಹೇಳಿದ.

ಅಷ್ಟರಲ್ಲಿ ಅವನು ಫೋನನ್ನು ಹಿಂದಿನ ಕೊಳವೆಯ ಬಳಿ ಹಿಡಿದು ಅರ್ಧ ನಿಮಿಷದ ಸದ್ದನ್ನು ಹಿಡಿದಿಟ್ಟು, ಮಾತಿಲ್ಲದೆ, ಹುಬ್ಬಳ್ಳಿಗೆ ಕಳಿಸಿದ್ದ. ಅಲ್ಲಿ ಆಗ ಮರುದಿನದ ಬೆಳಗ್ಗೆ ಎಂಟು ದಾಟಿರಬೇಕು. ನಾವು ಕೈ ತೊಳೆಯುತ್ತಿದ್ದೆವು. ಸಾಬೂನಿಗೂ ಬಿಡದ ಮಸಿ. ಫೋನು ಸದ್ದು ಮಾಡಿತು. ಒದ್ದೆ ಕೈಯಲ್ಲೇ ಎತ್ತಿ ನೋಡಿದವನು ಅದನ್ನು ನನ್ನ ಕಡೆಗೆ ತಿರುಗಿಸಿ ಹಿಡಿದ. ಒಂದೇ ಸಾಲು ಇತ್ತು.

"ಲಗೂನ ಕೆಳಗ ಬಾರೋ, ಅಂಗಡಿ ಮುಚ್ಚತಾರ."